ತಿರುವಿನಲ್ಲಿ ಟಕ್ ಟಕ್ ಸದ್ದು. ಗೇರ್ ಆಯಿಲ್ ಬದಲಿಸಿದ ದಾಖಲೆಯೇ ಇಲ್ಲ

ಪ್ರಶ್ನೆ

ನಮಸ್ಕಾರ. ಇತ್ತೀಚೆಗೆ ನಾನು ಬಳಸಿದ ಕಾರೊಂದನ್ನು ಕೊಂಡಿದ್ದೇನೆ. ಫ್ರಂಟ್ ವೀಲ್ ಡ್ರೈವ್, ಮ್ಯಾನ್ಯುಯಲ್ ಗೇರ್. ಹಿಂದಿನ ಮಾಲೀಕರು ಸರ್ವೀಸ್ ಪುಸ್ತಕವನ್ನು ಅಚ್ಚುಕಟ್ಟಾಗಿ ಇಟ್ಟಿದ್ದು, ಎಂಜಿನ್ ಆಯಿಲ್ ಮತ್ತು ಫಿಲ್ಟರುಗಳನ್ನು ಯಾವಾಗ ಬದಲಿಸಿದರು ಎಂಬುದೆಲ್ಲ ಅದರಲ್ಲಿದೆ. ಆದರೆ ಗೇರ್ ಆಯಿಲ್ ಬದಲಿಸಿದ ಉಲ್ಲೇಖ ಒಂದೂ ಇಲ್ಲ. ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. ಗೇರ್‌ಬಾಕ್ಸ್ ಇರುವವರೆಗೂ ಆ ಆಯಿಲ್ ಬಾಳುತ್ತದೆ, ಅದನ್ನು ಮುಟ್ಟುವುದೇ ಬೇಡ ಎಂದರು. ಇದಲ್ಲದೆ, ಸ್ಟೀರಿಂಗ್ ಅನ್ನು ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನವಾಗಿ ಹೊರಟಾಗ ಮುಂಭಾಗದಿಂದ ಟಕ್ ಟಕ್ ಎಂಬ ಸದ್ದು ಬರುತ್ತದೆ. ನೇರವಾಗಿ ಹೋಗುವಾಗ ಸದ್ದಿಲ್ಲ. ಇವೆರಡಕ್ಕೂ ಸಂಬಂಧವಿದೆಯೆ? ಎಂಜಿನ್‌ನಿಂದ ಚಕ್ರದವರೆಗಿನ ಭಾಗಗಳಲ್ಲಿ ಯಾವುದನ್ನು ಯಾವಾಗ ನೋಡಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಿ.

ಮೊದಲ ಉತ್ತರ

ಸದ್ದಿನ ವಿಚಾರವನ್ನು ಮೊದಲು ನೋಡಿ, ಅದು ಕಾಯುವಂಥದ್ದಲ್ಲ. ಎಂಜಿನ್‌ನ ಬಲ ಕ್ಲಚ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ (ತಿರುವಿನಲ್ಲಿ ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರ್ ಜೋಡಣೆ) ದಾಟಿ ಎರಡು ಆ್ಯಕ್ಸಲ್‌ಗಳ ಮೂಲಕ ಮುಂದಿನ ಚಕ್ರಗಳನ್ನು ಸೇರುತ್ತದೆ. ಆ ಚಕ್ರಗಳು ಪಕ್ಕಕ್ಕೂ ತಿರುಗಬೇಕು, ಹಳ್ಳದಿಣ್ಣೆಗೆ ತಕ್ಕಂತೆ ಮೇಲೆ ಕೆಳಗೂ ಆಡಬೇಕು. ಆದ್ದರಿಂದ ಪ್ರತಿ ಆ್ಯಕ್ಸಲ್‌ನ ಎರಡು ತುದಿಗಳಲ್ಲೂ ಸಿವಿ ಜಾಯಿಂಟ್, ಅಂದರೆ ಬಾಗಿದಾಗಲೂ ಒಂದೇ ವೇಗದಲ್ಲಿ ತಿರುಗುವ ಕೀಲು, ಇರುತ್ತದೆ. ಹೊರತುದಿಯ ಜಾಯಿಂಟ್‌ನೊಳಗೆ ಸಾಮಾನ್ಯವಾಗಿ ಆರು ಉಕ್ಕಿನ ಗುಂಡುಗಳು ಕೊರೆದ ಹಾದಿಗಳಲ್ಲಿ ಓಡಾಡುತ್ತವೆ. ಆ ಹಾದಿಗಳು ಸವೆದಾಗ, ಸ್ಟೀರಿಂಗ್ ಪೂರ್ತಿ ತಿರುಗಿದ ಸ್ಥಿತಿಯಲ್ಲಿ ಬಲ ಬಿದ್ದೊಡನೆ ನೀವು ಹೇಳುವ ಸದ್ದೇ ಬರುತ್ತದೆ. ಎಡಕ್ಕೆ ತಿರುಗುವಾಗ ಸದ್ದು ಬಂದರೆ ಹೆಚ್ಚಾಗಿ ಬಲಬದಿಯ ಜಾಯಿಂಟ್ ಕಾರಣವಾಗಿರುತ್ತದೆ, ಆದರೂ ಎರಡೂ ಬದಿ ನೋಡಿ.

ನೋಡುವುದು ಕಷ್ಟವಲ್ಲ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸುವ ಮುನ್ನ ಸ್ಟೀರಿಂಗ್ ಅನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿಡಿ. ಚಕ್ರದ ಹಿಂದೆ ಹಾರ್ಮೋನಿಯಂ ತಿದಿಯಂತೆ ಮಡಿಕೆಯಿರುವ ರಬ್ಬರ್ ಬೂಟ್ ಕಾಣುತ್ತದೆ. ಮಡಿಕೆಗಳ ಸಂದಿನಲ್ಲಿ ಬಿರುಕಿದೆಯೆ, ಚಕ್ರದ ಒಳಮೈ ಮೇಲೆ ಕಪ್ಪು ಗ್ರೀಸ್ ಸಿಡಿದಿದೆಯೆ ಎಂದು ಟಾರ್ಚ್ ಹಿಡಿದು ನೋಡಿ. ಬೂಟ್ ಹರಿದರೆ ಗ್ರೀಸ್ ಹೊರಗೆ ಸಿಡಿದು, ದೂಳು ನೀರು ಒಳಗೆ ಸೇರುತ್ತವೆ. ಸದ್ದು ಶುರುವಾಗುವ ಮೊದಲೇ ಕಂಡರೆ ಬೂಟ್ ಮತ್ತು ಗ್ರೀಸ್ ಬದಲಿಸಿದರೆ ಸಾಕು. ಸದ್ದು ಬಂದ ಮೇಲೆ ಹೊಸ ಗ್ರೀಸ್ ತುಂಬಿದರೂ ಸವೆತ ಹಿಂದಿರುಗದು, ಜಾಯಿಂಟ್ ಅನ್ನೋ ಇಡೀ ಆ್ಯಕ್ಸಲ್ ಅನ್ನೋ ಬದಲಿಸಲೇಬೇಕು. ಸಾಮಾನ್ಯ ಡಿಫರೆನ್ಷಿಯಲ್ ಇರುವ ಕಾರಿನಲ್ಲಿ ಒಂದು ಬದಿಯ ಜಾಯಿಂಟ್ ಮುರಿದರೂ ಇನ್ನೊಂದು ಚಕ್ರಕ್ಕೆ ಬಲ ಹೋಗುವುದಿಲ್ಲ, ಕಾರು ನಿಂತಲ್ಲೇ ನಿಲ್ಲುತ್ತದೆ.

ಎರಡನೆಯ ಉತ್ತರ

ಗೇರ್ ಆಯಿಲ್ ಬಗ್ಗೆ ಆ ಮೆಕ್ಯಾನಿಕ್ ಹೇಳಿದ್ದನ್ನು ನಾನು ಒಪ್ಪುವುದಿಲ್ಲ. ಇಂಧನ ಉರಿದ ಮಸಿ ಅದಕ್ಕೆ ಸೇರುವುದಿಲ್ಲವಾದ್ದರಿಂದ ಅದು ಎಂಜಿನ್ ಆಯಿಲ್‌ಗಿಂತ ಬಹಳ ಹೆಚ್ಚು ಕಾಲ ಬಾಳುತ್ತದೆ ಎಂಬುದು ನಿಜ. ಆದರೆ ಗೇರ್ ಹಲ್ಲುಗಳಿಂದಲೂ ಸಿಂಕ್ರೊನೈಸರ್ ಉಂಗುರಗಳಿಂದಲೂ (ಗೇರ್ ಬದಲಿಸುವಾಗ ವೇಗಗಳನ್ನು ಹೊಂದಿಸುವ ಉಂಗುರಗಳು) ಸವೆದ ಲೋಹದ ಪುಡಿ ಅದರಲ್ಲೇ ಉಳಿಯುತ್ತದೆ, ಬೆರೆಸಿರುವ ರಾಸಾಯನಿಕಗಳು ಕ್ರಮೇಣ ಶಕ್ತಿಗುಂದುತ್ತವೆ, ಆ್ಯಕ್ಸಲ್ ಸೀಲ್ ಬಳಿ ಜಿನುಗಿ ಮಟ್ಟವೂ ಇಳಿಯಬಹುದು. ದಾಖಲೆ ಇಲ್ಲದ ಹಳೆಯ ಕಾರಿನಲ್ಲಿ ಒಮ್ಮೆ ಬದಲಿಸಿ, ಅಲ್ಲಿಂದ ಲೆಕ್ಕ ಶುರುಮಾಡುವುದೇ ಸರಿ.

ಆಯಿಲ್ ಆಯ್ಕೆಯಲ್ಲಿ ಕೈಪಿಡಿಯ ಮಾತೇ ಅಂತಿಮ. ಜಿಎಲ್ ಎಂಬುದು ಗೇರ್ ಆಯಿಲ್‌ನ ದರ್ಜೆ. ಜಿಎಲ್-4 ಕೇಳುವ ಗೇರ್‌ಬಾಕ್ಸ್‌ಗೆ, ಸಂಖ್ಯೆ ದೊಡ್ಡದೆಂದು ಜಿಎಲ್-5 ಹಾಕಬಾರದು. ಜಿಎಲ್-5ರಲ್ಲಿ ಗಂಧಕ ಮತ್ತು ರಂಜಕದ ಅಂಶ ಹೆಚ್ಚಿದ್ದು, ಕೆಲವು ಆಯಿಲ್‌ಗಳು ಹಿತ್ತಾಳೆಯ ಸಿಂಕ್ರೊನೈಸರ್ ಉಂಗುರಗಳನ್ನು ಕೊರೆಯಬಲ್ಲವು. ಜೊತೆಗೆ ಗೇರ್ ಬೀಳುವುದೂ ಒರಟಾಗಬಹುದು. ಕೆಲಸ ಮಾಡುವವರಿಗೆ ಒಂದು ಮಾತು ಹೇಳಿ: ಕೆಳಗಿನ ಡ್ರೈನ್ ಪ್ಲಗ್ ಬಿಚ್ಚುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಳ್ಳುತ್ತದೆಯೇ ಎಂದು ಖಾತ್ರಿ ಮಾಡಿಕೊಳ್ಳಬೇಕು. ಅದು ತುಕ್ಕು ಹಿಡಿದು ಕೂತಿದ್ದರೆ ಹಳೆಯ ಆಯಿಲ್ ಹರಿದುಹೋಗಿ, ಹೊಸದನ್ನು ತುಂಬಲು ದಾರಿಯೇ ಇರುವುದಿಲ್ಲ. ಡ್ರೈನ್ ಪ್ಲಗ್‌ನಲ್ಲಿ ಅಯಸ್ಕಾಂತವಿದ್ದರೆ ಅದನ್ನೂ ನೋಡಿ. ನುಣುಪಾದ ಬೂದುಬಣ್ಣದ ಕೆಸರು ಸಹಜ. ಬೆರಳಿಗೆ ತಾಗುವ ಚೂರುಗಳಿದ್ದರೆ ಒಳಗೆ ಏನೋ ಮುರಿಯುತ್ತಿದೆ.

ಮೂರನೆಯ ಉತ್ತರ

ಸರ್ವೀಸ್ ಪಟ್ಟಿಯಲ್ಲಿ ಕಿಲೋಮೀಟರ್ ಮತ್ತು ತಿಂಗಳು ಎರಡೂ ಇರುತ್ತವೆ, ಯಾವುದು ಮೊದಲು ಬರುತ್ತದೋ ಅದೇ ಲೆಕ್ಕ. ಬಹಳಷ್ಟು ಕೈಪಿಡಿಗಳಲ್ಲಿ ಕಠಿಣ ಬಳಕೆಗೆಂದು ಬೇರೆಯೇ ಅವಧಿ ಕೊಟ್ಟಿರುತ್ತಾರೆ. ದೂಳಿನ ರಸ್ತೆ, ನಿಂತು ನಿಂತು ಸಾಗುವ ದಟ್ಟಣೆ, ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ಮುಗಿಯುವ ಓಡಾಟ, ಭಾರ ಎಳೆಯುವುದು ಇವೆಲ್ಲ ಅದರಲ್ಲಿ ಸೇರುತ್ತವೆ. ತಮ್ಮದು ಸಾಧಾರಣ ಬಳಕೆ ಎಂದುಕೊಂಡಿರುವ ಅನೇಕರು ನಿಜಕ್ಕೂ ಈ ಸಾಲಿಗೇ ಸೇರಿದವರು. ಕ್ಲಚ್ ಹೈಡ್ರಾಲಿಕ್ ಆಗಿದ್ದರೆ ಅದರಲ್ಲಿರುವುದು ಸಾಮಾನ್ಯವಾಗಿ ಬ್ರೇಕ್ ಆಯಿಲ್. ಅದು ಗಾಳಿಯ ತೇವ ಹೀರುವುದರಿಂದ ಬಹುತೇಕ 2 ವರ್ಷಕ್ಕೊಮ್ಮೆ ಬದಲಿಸಲು ಸೂಚಿಸಿರುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಬಲಬದಿಯ ಹೊರಗಿನ ಬೂಟ್ ಮಡಿಕೆಯೊಂದರ ಉದ್ದಕ್ಕೂ ಸೀಳಿದೆ, ಒಳಗೆ ಮಣ್ಣು ಮೆತ್ತಿಕೊಂಡಿದೆ. ಎಡಬದಿ ಚೆನ್ನಾಗಿದೆ. ಎರಡನ್ನೂ ಒಟ್ಟಿಗೆ ಬದಲಿಸಬೇಕೆ?

ಮೊದಲ ಉತ್ತರ ಬರೆದವರು

ಬೇಡ, ಚೆನ್ನಾಗಿರುವುದನ್ನು ಹಾಗೆಯೇ ಬಿಡಿ. ಪ್ರತಿ ಸರ್ವೀಸ್‌ನಲ್ಲೂ ಅದರ ಬೂಟ್ ನೋಡಿಸಿದರೆ ಸಾಕು. ಆದರೆ ನಿಮ್ಮ ಎರಡು ಕೆಲಸಗಳನ್ನು ಒಂದೇ ದಿನ ಮಾಡಿಸಿ. ಬಹಳಷ್ಟು ಕಾರುಗಳಲ್ಲಿ ಆ್ಯಕ್ಸಲ್ ಅನ್ನು ಗೇರ್‌ಬಾಕ್ಸ್‌ನಿಂದ ಎಳೆದಾಗ ಆಯಿಲ್ ಹೇಗೂ ಹೊರಗೆ ಚೆಲ್ಲುತ್ತದೆ, ಆದ್ದರಿಂದ ಮೊದಲೇ ಅದನ್ನು ಇಳಿಸಿ, ಆ ಬದಿಯ ಆಯಿಲ್ ಸೀಲ್ ಅನ್ನೂ ಹೊಸದಾಗಿ ಕೂರಿಸಿ, ಆಮೇಲೆ ಹೊಸ ಗೇರ್ ಆಯಿಲ್ ತುಂಬುವುದು ಅನುಕೂಲ. ಆ್ಯಕ್ಸಲ್ ತುದಿಯ ನಟ್ ಹೊಸದಾಗಿರಲಿ, ಅದನ್ನು ಅಂದಾಜಿಗೆ ಬಿಗಿಯದೆ ಟಾರ್ಕ್ ರೆಂಚ್‌ನಿಂದ ತಯಾರಕರು ಹೇಳಿದ ಅಳತೆಗೇ ಬಿಗಿಯಲು ಹೇಳಿ.