ಸ್ನೋಫ್ಲೇಕ್ ಸಂಪರ್ಕದಲ್ಲಿ ಟೋಕನ್ ದೋಷ: ಸಹಾಯ ಬೇಕು

ಬಳಗದವರಿಗೆಲ್ಲ ನಮಸ್ಕಾರ.

ನಮ್ಮ ಕಚೇರಿಯ ಮಾರಾಟದ ದತ್ತಾಂಶವನ್ನು ಪ್ರತಿ ರಾತ್ರಿ ಸ್ನೋಫ್ಲೇಕ್ ಡೇಟಾ ವೇರ್‌ಹೌಸ್‌ಗೆ ಸಾಗಿಸುವ ಇಂಟಿಗ್ರೇಷನ್ ಪ್ಲಾಟ್‌ಫಾರ್ಮ್ ಇದುವರೆಗೆ ಪಾಸ್‌ವರ್ಡ್‌ನಿಂದಲೇ ಲಾಗಿನ್ ಆಗುತ್ತಿತ್ತು. ಬರೀ ಪಾಸ್‌ವರ್ಡ್ ನಂಬಿದ ಲಾಗಿನ್‌ಗಳನ್ನು ಸ್ನೋಫ್ಲೇಕ್ ಹಂತಹಂತವಾಗಿ ಕೈಬಿಡುತ್ತಿರುವುದರಿಂದ, ಆ ಬಳಕೆದಾರ ಖಾತೆಯನ್ನು ‘ಸರ್ವಿಸ್’ ವಿಧಕ್ಕೆ (ಮನುಷ್ಯರಲ್ಲ, ತಂತ್ರಾಂಶಗಳು ಬಳಸುವ ಖಾತೆ) ಬದಲಾಯಿಸಿ, 2048 ಬಿಟ್‌ನ ಆರ್‌ಎಸ್‌ಎ ಕೀಲಿಗಳ ಜೋಡಿಯನ್ನು ತಯಾರಿಸಿ, ಸಾರ್ವಜನಿಕ ಕೀಲಿಯನ್ನು ಖಾತೆಗೂ ಖಾಸಗಿ ಕೀಲಿಯನ್ನು ಪ್ಲಾಟ್‌ಫಾರ್ಮ್‌ಗೂ ಕೊಟ್ಟಿದ್ದೇವೆ. ಆದರೆ ‘ಟೆಸ್ಟ್ ಕನೆಕ್ಷನ್’ ಒತ್ತಿದಾಗಲೆಲ್ಲ ‘ಜೆಡಬ್ಲ್ಯುಟಿ ಟೋಕನ್ ಈಸ್ ಇನ್‌ವ್ಯಾಲಿಡ್’ (ಖಾಸಗಿ ಕೀಲಿಯಿಂದ ಸಹಿ ಮಾಡಿ ಕಳಿಸುವ ಲಾಗಿನ್ ಚೀಟಿ ಅಮಾನ್ಯ) ಎಂಬ ಸಾಲೂ ಅದರ ಹಿಂದೆ ಒಂದು ಉದ್ದನೆಯ ಗುರುತಿನ ಸಂಖ್ಯೆಯೂ ಬರುತ್ತವೆ.

ಅದೇ ಕೀಲಿಯಿಂದ ನನ್ನ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಸಲೀಸಾಗಿ ಆಗುತ್ತದೆ. ಖಾತೆಯಲ್ಲಿ ಕಾಣುವ ಕೀಲಿಯ ಫಿಂಗರ್‌ಪ್ರಿಂಟ್ (ಕೀಲಿಯನ್ನು ಗುರುತಿಸುವ ಚಿಕ್ಕ ಸಂಕೇತ) ಕೂಡ ನನ್ನ ಬಳಿ ಇರುವುದಕ್ಕೆ ಅಕ್ಷರಶಃ ಹೊಂದುತ್ತದೆ. ಟೋಕನ್ ಹುಟ್ಟಿದ 60 ಸೆಕೆಂಡುಗಳೊಳಗೆ ಸ್ನೋಫ್ಲೇಕ್‌ಗೆ ತಲುಪಬೇಕೆಂಬ ನಿಯಮವಿರುವುದರಿಂದ, ಪ್ಲಾಟ್‌ಫಾರ್ಮ್‌ನ ಏಜೆಂಟ್ ತಂತ್ರಾಂಶ ಓಡುವ ನಮ್ಮ ಸರ್ವರ್‌ನ ಗಡಿಯಾರವನ್ನು ನೋಡಿದೆ. ಅದು ಒಂದೂವರೆ ನಿಮಿಷ ಹಿಂದಿತ್ತು. ಇದೇ ಕಾರಣವೆಂದು ಹಿಗ್ಗಿ ಸರಿಪಡಿಸಿದರೂ ದೋಷ ಹೋಗಲಿಲ್ಲ.

ಈಗ ಉಳಿದಿರುವ ಅನುಮಾನ ಅಕೌಂಟ್ ಐಡೆಂಟಿಫೈಯರ್ (ಸ್ನೋಫ್ಲೇಕ್‌ನಲ್ಲಿ ನಮ್ಮ ಸಂಸ್ಥೆಯ ಅಕೌಂಟ್ ಯಾವುದೆಂದು ಹೇಳುವ ಗುರುತು) ಮೇಲೆ. ಪ್ಲಾಟ್‌ಫಾರ್ಮ್‌ನಲ್ಲಿ ಪ್ರದೇಶದ ಹೆಸರು ಸೇರಿದ ಹಳೆಯ ‘ಲೊಕೇಟರ್’ ರೂಪದ ಗುರುತು ಇದೆ. ಲ್ಯಾಪ್‌ಟಾಪ್‌ನಲ್ಲಿ ಸಂಸ್ಥೆಯ ಹೆಸರು, ಅಡ್ಡಗೆರೆ, ಅಕೌಂಟ್ ಹೆಸರು ಎಂಬ ರೂಪ ಬಳಸಿದ್ದೇನೆ. ರಾತ್ರಿಯ ಇತರ ಕೆಲಸಗಳೂ ಅದೇ ಕನೆಕ್ಷನ್ ನೆಚ್ಚಿಕೊಂಡಿರುವುದರಿಂದ ಸುಮ್ಮನೆ ಬದಲಿಸಲು ಧೈರ್ಯ ಸಾಲದು.

ಹೀಗೆ ರೂಪ ಬದಲಿಸಿ ಈ ದೋಷ ನೀಗಿಸಿಕೊಂಡವರು ಯಾರಾದರೂ ಇದ್ದೀರಾ? ಬಳಕೆದಾರ ಹೆಸರನ್ನು ದೊಡ್ಡ ಅಕ್ಷರಗಳಲ್ಲೇ ಕೊಡಬೇಕಾಗುತ್ತದೆಯೇ? ಗುರುತಿನ ಸಂಖ್ಯೆಯಿಂದ ನಿಖರ ಕಾರಣ ತಿಳಿಸುವ ಫಂಕ್ಷನ್ ಚಲಾಯಿಸಲು ನನಗೆ ಅನುಮತಿಯಿಲ್ಲ, ಅನುಮತಿಯುಳ್ಳವರು ಸೋಮವಾರದವರೆಗೆ ರಜೆಯಲ್ಲಿದ್ದಾರೆ.