ಹದಿಹರೆಯದವರ ಡಿಸ್ಟೋಪಿಯನ್ ಕಾದಂಬರಿ ಪ್ರಶಸ್ತಿಗೆ ಅರ್ಹವೇ ಎಂದು ತೂಗುವುದು ಹೇಗೆ?

ಪ್ರಶ್ನೆ:
ಹದಿಹರೆಯದವರ ಪುಸ್ತಕಗಳಿಗೆ ಕೊಡುವ ಪ್ರಶಸ್ತಿಯೊಂದರ ಆಯ್ಕೆ ಸಮಿತಿಯಲ್ಲಿದ್ದೇನೆ. ಕೊನೆಯ ಸುತ್ತಿಗೆ ಬಂದಿರುವ ಒಂದು ಡಿಸ್ಟೋಪಿಯನ್ ಕಾದಂಬರಿಯಲ್ಲಿ (ದಬ್ಬಾಳಿಕೆಯ ಕಲ್ಪಿತ ಸಮಾಜವೊಂದರ ಕಥೆ), ಸತ್ತವರ ಗುರುತುಗಳನ್ನೆಲ್ಲ ಅಳಿಸಬೇಕೆಂಬ ಕಾನೂನಿದೆ. ತೀರಿಕೊಂಡ ತಮ್ಮನ ಎತ್ತರವನ್ನು ವರ್ಷವರ್ಷವೂ ಗುರುತಿಸಿದ್ದ ಪೆನ್ಸಿಲ್ ಗೆರೆಗಳ ಮೇಲೆ ಹದಿನೈದರ ಹುಡುಗಿ ಸುಣ್ಣ ಬಳಿಯುವ ಪುಟವನ್ನು ಓದಿ, ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಉತ್ತರಾರ್ಧ ಮಾತ್ರ ದಂಗೆ, ಬೆನ್ನಟ್ಟುವಿಕೆಗಳಲ್ಲೇ ಕಳೆದುಹೋಗಿ, ಮುಂದಿನ ಭಾಗಕ್ಕೆ ಕೊಂಡಿ ಬಿಟ್ಟು ಮುಗಿಯುತ್ತದೆ. ‘ಓದುಗರಿದ್ದಾರೆ, ಒಳ್ಳೆಯ ಸಂದೇಶವಿದೆ’ ಎಂಬ ಸಹತೀರ್ಪುಗಾರರ ವಾದ ನನಗೆ ಸಾಲದೆನಿಸುತ್ತದೆ. ನೀವೇನೆನ್ನುತ್ತೀರಿ?

ಉತ್ತರ 1:
ನಿಮ್ಮ ಅಸಮಾಧಾನ ಸರಿಯಾದುದೇ. ಅಮೆರಿಕದಲ್ಲಿ ಮಕ್ಕಳ ಪುಸ್ತಕಗಳಿಗೆ ಕೊಡುವ ನ್ಯೂಬೆರಿ ಮತ್ತು ಹದಿಹರೆಯದವರ ಪುಸ್ತಕಗಳಿಗೆ ಕೊಡುವ ಪ್ರಿಂಟ್ಜ್ ಪ್ರಶಸ್ತಿಗಳೆರಡರ ನಿಯಮಗಳೂ ಜನಪ್ರಿಯತೆಯಾಗಲಿ ಬೋಧನೆಯಾಗಲಿ ಮಾನದಂಡವಲ್ಲವೆಂದು ಸ್ಪಷ್ಟವಾಗಿ ಹೇಳುತ್ತವೆ. ಹಾಗೆಂದು ಈ ಪ್ರಕಾರವೇ ಹಗುರವೆಂದು ತಿಳಿಯಬೇಕಿಲ್ಲ. 1993ರಲ್ಲಿ ಪ್ರಕಟವಾದ, ಲೋಯಿಸ್ ಲೌರಿಯವರ ಡಿಸ್ಟೋಪಿಯನ್ ಕಾದಂಬರಿ ‘ದ ಗಿವರ್’ ಮರುವರ್ಷವೇ ನ್ಯೂಬೆರಿ ಪದಕ ಪಡೆಯಿತು. ಅದರಲ್ಲಿ ಹುಡುಗನೊಬ್ಬ ಎಸೆದಾಡುವ ಸೇಬು ಗಾಳಿಯಲ್ಲಿ ಕ್ಷಣಕಾಲ ಏನೋ ಬದಲಾದಂತೆ ಅವನಿಗೆ ಕಾಣುತ್ತದೆ. ಆ ಸಮಾಜದವರಿಗೆ ಬಣ್ಣಗಳೇ ಕಾಣುವುದಿಲ್ಲ ಎಂಬುದು ಬಹಳ ಪುಟಗಳ ನಂತರ, ಅವನಿಗೆ ತಿಳಿಯುವಾಗಲೇ ನಮಗೂ ತಿಳಿಯುತ್ತದೆ. ಲೋಕವನ್ನು ವಿವರಿಸದೆ ಪಾತ್ರದ ಅನುಭವದಿಂದಲೇ ಕಾಣಿಸುವ ಈ ಕೌಶಲವೇ ನನ್ನ ಮೊದಲ ಅಳತೆಗೋಲು. ನಿಮ್ಮ ಸುಣ್ಣದ ಪುಟಕ್ಕೂ ಆ ಗುಣವಿದೆ.

ಉತ್ತರ 2:
ಒಂದು ಪುಟ ಚೆನ್ನಾಗಿದೆಯೆಂದು ಪ್ರಶಸ್ತಿ ಕೊಡಲಾಗದು ಎಂಬುದನ್ನು ಒಪ್ಪುತ್ತೇನೆ; ಆದರೆ ವೇಗವನ್ನೇ ದೋಷವೆನ್ನುವುದು ದೊಡ್ಡವರ ಪೂರ್ವಗ್ರಹ. ಸರಣಿಯ ಭಾಗವೆಂಬುದೂ ಅಡ್ಡಿಯಲ್ಲ: ಮಕ್ಕಳ, ಹದಿಹರೆಯದವರ ಪುಸ್ತಕಗಳಿಗೆ ಕೊಡುವ ಬ್ರಿಟನ್ನಿನ ಕಾರ್ನೆಗಿ ಪದಕ 2011ರಲ್ಲಿ ಸಂದದ್ದು ತ್ರಿವಳಿಯೊಂದರ ಮೂರನೆಯ ಕಾದಂಬರಿಗೆ. ಓಡುವ ಹುಡುಗಿಯ ಕೈಯಲ್ಲಿ ಆ ಸುಣ್ಣ ಇನ್ನೂ ಅಂಟಿಕೊಂಡಿದೆಯೇ, ಇಲ್ಲವೇ ಲೇಖಕರು ಅದನ್ನು ಮರೆತರೇ? ಉತ್ತರಾರ್ಧವನ್ನು ಇದೊಂದೇ ಪ್ರಶ್ನೆಯಿಟ್ಟುಕೊಂಡು ಮತ್ತೆ ಓದಿ ನೋಡಿ.

ಉತ್ತರ 3:
ಕಾನೂನನ್ನು ಒಪ್ಪಿಕೊಂಡ ಹಿರಿಯರನ್ನೂ ಗಮನಿಸಿ. ದುಃಖವನ್ನು ತಾಳಲಾರದೆ ಅವರೇ ಅದನ್ನು ಬಯಸಿದ್ದರೆ ಕಥೆಗೆ ಆಳವಿರುತ್ತದೆ. ಅಧಿಕಾರಿಗಳು ಬರಿಯ ಕ್ರೂರಿಗಳಾಗಿದ್ದರೆ ಅದು ವೇಷ ಬದಲಿಸಿದ ರಾಕ್ಷಸರ ಕಥೆಯಷ್ಟೇ.

ಪ್ರಶ್ನೆ ಕೇಳಿದವರು:
ಮತ್ತೆ ಓದಿದೆ. ಕಾನೂನು ಬಂದಾಗ ಹುಡುಗಿಯ ತಾಯಿಯೇ ಅದರ ಪರವಾಗಿ ಕೈ ಎತ್ತಿದ್ದಳೆಂಬ ಒಂದೇ ಸಾಲು ನನ್ನ ಕಣ್ಣು ತಪ್ಪಿಸಿಕೊಂಡಿತ್ತು. ಕೊನೆಯ ಅಧ್ಯಾಯದಲ್ಲಿ ಮಳೆಗೆ ಸುಣ್ಣ ಕರಗಿ ಎರಡು ಗೆರೆಗಳು ಮೇಲೇಳುತ್ತವೆ. ಅಲ್ಲಿಗೇ ನಿಲ್ಲಿಸಿದ್ದರೆ ನನ್ನ ಮತ ಖಚಿತವಾಗಿತ್ತು. ಆದರೆ ಮುಂದಿನ ಸಾಲಿನಲ್ಲೇ, ನೆನಪನ್ನು ಯಾರೂ ಅಳಿಸಲಾರರು ಎಂದು ಹುಡುಗಿಯ ಬಾಯಿಂದ ಹೇಳಿಸಿಬಿಟ್ಟಿದ್ದಾರೆ. ಎರಡನೆಯ ಸ್ಥಾನಕ್ಕೆ ಸೂಚಿಸುತ್ತಿದ್ದೇನೆ.