ಮಳೆಗಾಲದ ಒಂದೇ ದಿನದಲ್ಲಿ ಗಂಗೊಳ್ಳಿ, ಮರವಂತೆ: ಅಮ್ಮನನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ಗಂಗೊಳ್ಳಿಯ ಮೊಮ್ಮಗ

ಎಲ್ಲರಿಗೂ ನಮಸ್ಕಾರ. ಜುಲೈ ಕೊನೆಯಲ್ಲಿ ಸಿಗುವ ರಜೆಯಲ್ಲಿ ಒಂದು ಪೂರ್ತಿ ದಿನವನ್ನು, 72 ವರ್ಷದ ನನ್ನ ಅಮ್ಮನೊಂದಿಗೆ ಅವರ ತವರಾದ ಗಂಗೊಳ್ಳಿಯಲ್ಲಿ ಕಳೆಯಬೇಕೆಂದಿದ್ದೇನೆ. ಚಿಕ್ಕಂದಿನಲ್ಲಿ ಬೇಸಿಗೆ ರಜೆಗೆ ಬೆಂಗಳೂರಿನಿಂದ ಬಂದಾಗ ಕುಂದಾಪುರದಲ್ಲಿ ಬಸ್ಸಿಳಿದು, ದೋಣಿಯಲ್ಲಿ ಹೊಳೆ ದಾಟಿ ಅಜ್ಜಿಮನೆ ಸೇರುತ್ತಿದ್ದೆವು. ಅಲ್ಲಿಯ ಮಳೆಗಾಲವನ್ನು ನಾನು ನೋಡಿದ್ದು ಒಮ್ಮೆ ಮಾತ್ರ, ಅಜ್ಜ ತೀರಿಕೊಂಡ ವರ್ಷ. ಮಣ್ಣಿನ ಗೋಡೆ ನೆನೆಯದಂತೆ ಕಟ್ಟಿದ್ದ ತೆಂಗಿನ ಮಡಲಿನ ತಟ್ಟಿಯಿಂದಾಗಿ ಹಗಲಿನಲ್ಲೂ ಜಗಲಿ ಕತ್ತಲಾಗಿತ್ತು ಎಂಬುದಷ್ಟೇ ನೆನಪಿದೆ. ಅಮ್ಮನಿಗೆ ಮತ್ತೆ ದೋಣಿಯಲ್ಲೇ ದಾಟಬೇಕೆಂಬ ಆಸೆ. ಆ ಸಮಯದಲ್ಲಿ ಅದು ಸಾಧ್ಯವೇ? ಮರವಂತೆಯಲ್ಲಿ ಕಡಲ ದಂಡೆಗೆ ಇಳಿಯಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಕೋಡಿಯವನು

ದೋಣಿಯನ್ನು ನೆಚ್ಚಿಕೊಂಡು ಹೊರಡಬೇಡಿ. ಸೌಪರ್ಣಿಕಾ, ವರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಟ್ಟಾಗಿ ಕಡಲು ಸೇರುವ ಪಂಚಗಂಗಾವಳಿಯ ಅಳಿವೆ ಅದು. ಘಟ್ಟದಲ್ಲಿ ಮಳೆ ಜೋರಾದರೆ ಕೆಂಪು ನೀರು ರಭಸದಿಂದ ಇಳಿಯುತ್ತದೆ, ಎದುರಿನಿಂದ ಕಡಲಿನ ಉಬ್ಬರ ಒತ್ತುತ್ತದೆ. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಕೂಗಳತೆಯಲ್ಲಿದೆ ಎನ್ನಿಸಿದರೂ, ತಲ್ಲೂರು, ಹೆಮ್ಮಾಡಿ, ಮುಳ್ಳಿಕಟ್ಟೆ ಸುತ್ತಿಕೊಂಡು ಹೋಗಲು 15 ಕಿಲೋಮೀಟರಿಗೂ ಹೆಚ್ಚಾಗುತ್ತದೆ. ಈ ಸುತ್ತನ್ನು ಬೈಯದ ಗಂಗೊಳ್ಳಿಯವರು ಯಾರಿದ್ದಾರೆ? ಆದರೂ ಅಮ್ಮನ ವಯಸ್ಸಿಗೆ ಕಾರೇ ಕ್ಷೇಮ.

ಗಂಗೊಳ್ಳಿಯ ಬಂದರನ್ನು ಮಾತ್ರ ತಪ್ಪಿಸಬೇಡಿ. ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬೋಟುಗಳೆಲ್ಲ ಒಂದಕ್ಕೊಂದು ತಾಗಿಕೊಂಡು ದಡದಲ್ಲಿ ನಿಂತಿರುತ್ತವೆ. ಶೆಡ್ಡಿನೊಳಗೆ ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದು, ಹರಿದ ಕಣ್ಣುಗಳನ್ನು ಒಂದೊಂದಾಗಿ ಹೆಣೆಯುವ ಹಿರಿಯರು ಸಿಗುತ್ತಾರೆ. ನಿಮ್ಮ ಅಜ್ಜನ ಹೆಸರು ಹೇಳಿ ಮಾತಿಗೆ ಕೂತರೆ ಮನೆಯ ದಾರಿ ಅವರೇ ತೋರಿಸಬಹುದು.

ಉತ್ತರ 2: ತ್ರಾಸಿಯ ಸೊಸೆ

ಮರವಂತೆಯಲ್ಲಿ ದಂಡೆಗೆ ಇಳಿಯಬೇಡಿ. ರಾಷ್ಟ್ರೀಯ ಹೆದ್ದಾರಿ 66ರ ಪಕ್ಕದಲ್ಲೇ ನಿಂತು ನೋಡಿದರೆ ಸಾಕು. ಪಶ್ಚಿಮಕ್ಕೆ ಕಡಲು, ಪೂರ್ವಕ್ಕೆ ಸೌಪರ್ಣಿಕಾ. ಕಡಲಿಗೆ ಇಷ್ಟು ಹತ್ತಿರ ಬಂದ ಹೊಳೆ ಅಲ್ಲಿ ಸೇರದೆ, ತಿರುಗಿ ಗಂಗೊಳ್ಳಿಯವರೆಗೂ ಹೋಗಿ ಸೇರುವುದು ನನಗೆ ಇಂದಿಗೂ ಸೋಜಿಗವೇ. ಕಡಲ್ಕೊರೆತ ತಡೆಯಲು ಹಾಕಿದ ಕಲ್ಲುಗಳು ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುತ್ತವೆ. ಫೋಟೋಕ್ಕಾಗಿ ಅವುಗಳ ಮೇಲೆ ಹತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಇನ್ನೊಂದು ಮಾತು. ಹೊರಡುವ ಮೊದಲು ಪಂಚಾಂಗ ನೋಡಿಕೊಳ್ಳಿ. ಜುಲೈ-ಆಗಸ್ಟಿನಲ್ಲಿ ಬರುವ ಕರ್ಕಾಟಕ ಅಮಾವಾಸ್ಯೆಯಂದು ಮರವಂತೆಯ ವರಾಹ ದೇವಸ್ಥಾನದಲ್ಲಿ ಜಾತ್ರೆ ನಡೆಯುತ್ತದೆ. ಕಡಲಿನಲ್ಲೂ ಹೊಳೆಯಲ್ಲೂ ಸ್ನಾನ ಮಾಡಲು ಹೊಸದಾಗಿ ಮದುವೆಯಾದವರು ಸೇರಿದಂತೆ ಬಹಳ ಜನ ಬರುವುದರಿಂದ ಹೆದ್ದಾರಿಯಲ್ಲಿ ವಾಹನ ಮುಂದೆ ಸಾಗುವುದೇ ಕಷ್ಟ. ಅಮ್ಮನಿಗೆ ಜಾತ್ರೆಯ ನೆನಪಿದ್ದರೆ ಅದೇ ದಿನ ಬನ್ನಿ, ಇಲ್ಲವಾದರೆ ಬೇರೆ ದಿನ ಆರಿಸಿಕೊಳ್ಳಿ. ಊಟಕ್ಕೆ ಯಾರಾದರೂ ಪರಿಚಯದವರ ಮನೆಯಿದ್ದರೆ ಪತ್ರೊಡೆ ಕೇಳಿ. ಕೆಸುವಿನ ಎಲೆ ಎಳೆಯದಾಗಿ ಸಿಗುವ ಕಾಲ ಇದು.

ಮರುಉತ್ತರ: ಗಂಗೊಳ್ಳಿಯ ಮೊಮ್ಮಗ

ಹೋಗಿ ಬಂದೆವು, ಇಬ್ಬರಿಗೂ ಕೃತಜ್ಞತೆಗಳು. ಪಂಚಗಂಗಾ ರೈಲಿನಲ್ಲಿ ಬಂದು, ಮೂಡ್ಲಕಟ್ಟೆಯಲ್ಲಿರುವ ಕುಂದಾಪುರ ನಿಲ್ದಾಣದಿಂದ ಕಾರು ಮಾಡಿಕೊಂಡೆವು. ಮರವಂತೆಯಲ್ಲಿ ಮಳೆ ಎಷ್ಟು ಜೋರಾಗಿತ್ತೆಂದರೆ ಕಡಲು ಕಾಣಿಸಲಿಲ್ಲ, ಕೇಳಿಸಿತು ಅಷ್ಟೇ. ಅರ್ಧ ಗಂಟೆ ಕಾರಿನಲ್ಲೇ ಕೂತಿದ್ದಾಗ, ನಾನು ವಾಪಸು ಹೋಗೋಣವೇ ಎಂದು ಕೇಳಿದ್ದಕ್ಕೆ ಅಮ್ಮ, "ಮಳಿ ಬಿಡ್ಲಿ, ಹೋಪ" ಎಂದರು. ಬೆಂಗಳೂರಿನ ಮನೆಯಲ್ಲಿ ಅವರ ಬಾಯಲ್ಲಿ ಆ ಕುಂದಾಪುರ ಕನ್ನಡ ಕೇಳಿ ಎಷ್ಟೋ ವರ್ಷಗಳಾಗಿದ್ದವು.

ಬಲೆ ಹೆಣೆಯುತ್ತಿದ್ದ ಒಬ್ಬರು ಅಜ್ಜನನ್ನು ಗುರುತು ಹಿಡಿದು ದಾರಿ ತೋರಿಸಿದರು. ಹಳೆಯ ಮನೆಯ ಜಾಗದಲ್ಲಿ ಬೇರೆಯವರ ತಾರಸಿ ಮನೆಯಿದೆ. ಬಾವಿ ಮಾತ್ರ ಹಾಗೆಯೇ ಇದ್ದು, ಮಳೆಗೆ ತುಂಬಿ ನೀರು ಕೈಗೆಟುಕುವಷ್ಟು ಮೇಲೆ ಬಂದಿತ್ತು. ಹಗ್ಗ ಉಜ್ಜಿ ಉಜ್ಜಿ ಕೆಂಪು ಕಲ್ಲಿನ ಕಟ್ಟೆಯಲ್ಲಿ ಬಿದ್ದಿದ್ದ ಗೀರಿನೊಳಗೆ ಅಮ್ಮ ಬೆರಳಿಟ್ಟು ನೋಡಿದರು. ಆ ಮನೆಯವರು ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದರು. ದೋಣಿಯಲ್ಲಿ ದಾಟುವ ಆಸೆ ಹಾಗೆಯೇ ಉಳಿದಿದೆ, ಡಿಸೆಂಬರಿನಲ್ಲಿ ಮತ್ತೆ ಬರುತ್ತೇವೆ.